ಓಡುವ ಲಾರಿಯನ್ನು ಯಾಕೆ ಬಿಚ್ಚಿದೆ?

“ಅಲ್ವೋ, ಮೊನ್ನೆ ತಾನೆ ಅಷ್ಟು ಚೆಂದ ಓಡಿಸಿ ತೋರಿಸ್ದೆ. ಈಗ್ಯಾಕೋ ಎಲ್ಲಾ ಬಿಚ್ಚಿ ಗುಡ್ಡೆ ಹಾಕಿದೀಯ?” ವಿಡಿಯೊ ಕಾಲ್‌ನಲ್ಲಿ ನನ್ನ ಬೆನ್ನ ಹಿಂದಿನ ಮೇಜು ಕಂಡಿದ್ದೇ ತಡ, ಅಕ್ಕ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಪಕ್ಕದಿಂದ ತೀರ್ಪು ಕೊಟ್ಟರು: “ಕೆಟ್ಟೋಗಿರುತ್ತೆ ಬಿಡೆ, ಪಾಪ.”

ಕೆಟ್ಟಿರಲಿಲ್ಲ. ಕರೆ ಮುಗಿದ ಮೇಲೂ ಆ ‘ಪಾಪ’ ಕೊರೆಯುತ್ತಲೇ ಇತ್ತು. ಮೇಜಿನ ಮೇಲೆ ಇದ್ದದ್ದು ಒಂದಕ್ಕೊಂದು ಒತ್ತಿ ಕೂಡಿಸುವ ಲೆಗೊ ಆಟಿಕೆಯ ತುಣುಕುಗಳಿಂದ ನಾನೇ ಲೆಕ್ಕ ಹಾಕಿ ಕಟ್ಟಿದ್ದ, ಮೂರು ಸಾಲು ಚಕ್ರದ, ಅಂದರೆ ಮೂರು ಆಕ್ಸಲ್‌ನ ಟಿಪ್ಪರ್. ಮೋಟಾರಿನಿಂದ ಓಡುತ್ತಿತ್ತು, ಸ್ಟೇರಿಂಗ್ ತಿರುಗುತ್ತಿತ್ತು, ಹಿಂದಿನ ತೊಟ್ಟಿ ಎದ್ದು ಸುರಿಯುತ್ತಿತ್ತು. ಓಡುವ ವಸ್ತುವನ್ನು ಒಬ್ಬ ಬಿಚ್ಚಿದ್ದಾನೆ ಎಂದರೆ ಅದು ಕೆಟ್ಟಿರಲೇಬೇಕು, ಇಲ್ಲವೇ ಅವನ ತಲೆ ಕೆಟ್ಟಿರಬೇಕು. ನಮ್ಮವರ ಲೆಕ್ಕದಲ್ಲಿ ಮೂರನೆಯ ಸಾಧ್ಯತೆಯೇ ಇಲ್ಲ.

ನಾನಿರುವುದು ಡೆನ್ಮಾರ್ಕಿನಲ್ಲಿ, ಅಂದರೆ ಈ ತುಣುಕುಗಳ ತವರಿನಲ್ಲಿ. ಬಿಲ್ಲುಂಡ್ ಎಂಬ ಸಣ್ಣ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದ. ಈಗಿನ ರೂಪದ ಪ್ಲಾಸ್ಟಿಕ್ ಇಟ್ಟಿಗೆಗೆ, ಅಂದರೆ ಈ ತುಣುಕಿಗೆ, ಪೇಟೆಂಟ್ ಅರ್ಜಿ ಹೋದದ್ದು 1958ರಲ್ಲಿ. ಆ ವರ್ಷದ ಇಟ್ಟಿಗೆ ಇವತ್ತಿನದಕ್ಕೂ ಕೂರುತ್ತದೆ ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅದು ಇವತ್ತಿಗೂ ಬಿಟ್ಟು ಬರುತ್ತದೆ ಎಂಬುದು. ಗಟ್ಟಿಯಾಗಿ ಹಿಡಿಯುವಂತೆ ಮಾಡಲು ಗೋಂದು ಸಾಕಿತ್ತು. ಹಿಡಿಯಬೇಕು, ಮಗುವಿನ ಬೆರಳಿಗೆ ಬಿಡಲೂ ಬೇಕು ಎಂದಾಗಲೇ ಅಳತೆಯಲ್ಲಿ ಅಷ್ಟು ನಿಷ್ಠುರತೆ ಬೇಕಾಗುವುದು.

ಇಲ್ಲಿ ದೊಡ್ಡವರೇ ಸೇರಿ ಕಟ್ಟುವ ಒಂದು ಗುಂಪಿದೆ. ಅಲ್ಲೊಬ್ಬರು ನಿವೃತ್ತರು, ಬದುಕಿಡೀ ಕ್ರೇನ್ ಓಡಿಸಿದವರು. ಚಳಿಗಾಲವೆಲ್ಲ ಕೂತು ನಾಲ್ಕು ಆಕ್ಸಲ್‌ನ ಲಾರಿಯೊಂದನ್ನು ಕಟ್ಟಿದ್ದರು. ಪ್ರದರ್ಶನದಲ್ಲಿ ಅದರ ಸುತ್ತ ಜಾತ್ರೆ. ಮುಂದಿನ ಸಲ ಅವರ ಮನೆಗೆ ಹೋದರೆ ಲಾರಿ ಇಲ್ಲ. ಅದರ ಗೇರು, ಪಿನ್ನು, ಸಾಲುತೂತಿನ ಪಟ್ಟಿಗಳಾದ ಬೀಮುಗಳೆಲ್ಲ ಬಣ್ಣ, ಉದ್ದ ನೋಡಿಕೊಂಡು ಡ್ರಾಯರ್ ಸೇರಿವೆ. “ಹೊಟ್ಟೆ ಉರಿಯಲಿಲ್ವಾ?” ಎಂದು ಕೇಳಿಯೇಬಿಟ್ಟೆ. “ಎರಡನೇ ಆಕ್ಸಲ್ ಸರಿ ಇರಲಿಲ್ಲವಲ್ಲ” ಎಂದರು. ಅಷ್ಟು ಜನ ನೋಡಿದ್ದೆವು, ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ.

ಸರಿ ಇಲ್ಲದ್ದು ಏನೆಂದರೆ ಇದು. ಲಾರಿ ತಿರುಗುವಾಗ ಎಲ್ಲ ಚಕ್ರಗಳೂ ಒಂದೇ ಕೇಂದ್ರದ ಸುತ್ತ ತಿರುಗಬೇಕು. ಆ ಕೇಂದ್ರ ಹಿಂದಿನ ಆಕ್ಸಲ್‌ಗಳ ಸಾಲಿನಲ್ಲಿರುತ್ತದೆ. ಮುಂದಿನ ಎರಡೂ ಆಕ್ಸಲ್ ಸ್ಟೇರಿಂಗ್‌ಗೆ ತಿರುಗುವುದಾದರೆ, ಹಿಂಬದಿಗೆ ಹತ್ತಿರವಿರುವ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ತಿರುಗಬೇಕು. ಎಷ್ಟು ಕಡಿಮೆ? ಬೀಮಿನ ತೂತುಗಳನ್ನೇ ಅಳತೆಯಾಗಿ ಎಣಿಸಿ, ಹಿಂಬದಿಯಿಂದ ಮೊದಲನೆಯದು ನಲವತ್ತು ತೂತು, ಎರಡನೆಯದು ಮೂವತ್ತು ತೂತು ದೂರವಿದ್ದರೆ, ಹೆಚ್ಚುಕಡಿಮೆ ಮುಕ್ಕಾಲು ಪಾಲು. ಎರಡಕ್ಕೂ ಒಂದೇ ಅಳತೆಯ ಕೊಂಡಿ ಹಾಕಿದರೆ ಲಾರಿ ಓಡುತ್ತದೆ, ತಿರುಗುತ್ತದೆ, ಆದರೆ ಎರಡನೇ ಜೋಡಿ ಚಕ್ರ ನೆಲವನ್ನು ಉಜ್ಜಿಕೊಂಡೇ ಹೋಗುತ್ತದೆ. ನುಣುಪು ಮೇಜಿನ ಮೇಲೆ ಯಾರಿಗೆ ಕಾಣಬೇಕು? ಅವರಿಗೆ ಕಂಡಿತ್ತು. ಸರಿಪಡಿಸಲು ಲೀವರಿನ ಬುಡಕ್ಕೆ ಇನ್ನಷ್ಟು ಹತ್ತಿರದ ತೂತಿನಿಂದ ಕೊಂಡಿ ಎಳೆಯಬೇಕು. ಅದಕ್ಕೆ ಜಾಗ ಮಾಡಲು ಅಡಿಯ ಚೌಕಟ್ಟಾದ ಚಾಸಿ ಬಿಚ್ಚಬೇಕು. ಚಾಸಿ ಬಿಚ್ಚಿದ ಮೇಲೆ ಇನ್ನೇನು ಉಳಿಯುತ್ತದೆ?

ಇನ್ನು ನಮ್ಮ ಕಡೆಯ ಮಾತು. ಅಕ್ಕನ ಮಗನಿಗೆ ನಾನೇ ಕಳಿಸಿದ್ದ ಮ್ಯಾಕ್ ಆಂಥಮ್ ಲಾರಿಯ ಲೆಗೊ ಮಾದರಿ ಇದೆ, 2018ರಲ್ಲಿ ಬಂದದ್ದು, 2595 ತುಣುಕು. ಹುಡುಗ ರಜೆಯಲ್ಲಿ ಕೂತು ಪುಸ್ತಕ ನೋಡಿ ಕಟ್ಟಿದ. ಅಲ್ಲಿಗೆ ಅದರ ಬದುಕು ಮುಗಿಯಿತು. ಈಗ ಅದು ಹಾಲ್‌ನ ಶೋಕೇಸಿನಲ್ಲಿ, ಗಾಜಿನ ಹಿಂದೆ, ಭಾವನಿಗೆ ಬಂದ ಶೀಲ್ಡುಗಳ ಪಕ್ಕ ನಿಂತಿದೆ. ನೆಂಟರು ಬಂದರೆ “ಇವ್ನೇ ಮಾಡಿದ್ದು” ಎಂದು ತೋರಿಸುತ್ತಾರೆ. ನೆಂಟರ ಮಕ್ಕಳು ಕೈ ಚಾಚಿದರೆ “ಮುಟ್ಬೇಡ ಪುಟ್ಟ” ಎನ್ನುತ್ತಾರೆ. ತಮಾಷೆ ಎಂದರೆ, ಅದೇ ತುಣುಕುಗಳಿಂದ ಮ್ಯಾಕ್ ಎಲ್‌ಆರ್ ಎಂಬ ಕಸದ ಲಾರಿ ಕಟ್ಟುವುದು ಹೇಗೆಂದು ಕಂಪನಿಯೇ ಸೂಚನೆ ಕೊಟ್ಟಿದೆ. ಬಿಚ್ಚು ಎಂದು ತಯಾರಿಸಿದವನೇ ಹೇಳುತ್ತಿದ್ದಾನೆ! ನಮ್ಮ ಮನೆಯಲ್ಲಿ ಕೇಳುವವರಿಲ್ಲ.

ಇದು ಒಂದು ಮನೆಯ ಕಥೆಯಲ್ಲ ಎಂದು ನನ್ನ ಗುಮಾನಿ. ನಮ್ಮಲ್ಲಿ ಕಟ್ಟುವುದೆಂದರೆ ಮುಗಿಸುವುದು. ಉತ್ತರ ಬಂದ ಮೇಲೆ ಲೆಕ್ಕವನ್ನು ಮತ್ತೆ ಯಾರು ನೋಡುತ್ತಾರೆ? ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಕೂಟವಾದ ಡಿಫರೆನ್ಶಿಯಲ್‌ನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ತಿ ಅಂಕ ತೆಗೆದುಕೊಂಡವನು. ಅದು ನಿಜವಾಗಿ ಕೈಗೆ ಬಂದದ್ದು ಇಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪ್ಲಾಸ್ಟಿಕ್ ರೂಪದಲ್ಲಿ. ಗೇರುಗಳನ್ನು ಹೊತ್ತ ನಡುವಿನ ಗೂಡನ್ನು ಬಿಗಿ ಹಿಡಿದು ಒಂದು ಚಕ್ರ ಮುಂದಕ್ಕೆ ತಿರುಗಿಸಿ, ಇನ್ನೊಂದು ಅಷ್ಟೇ ಹಿಂದಕ್ಕೆ ಹೋಗುತ್ತದೆ. ಎರಡನ್ನೂ ಒಟ್ಟಿಗೆ ಮುಂದಕ್ಕೆ ತಿರುಗಿಸಿ, ಗೂಡೂ ಜೊತೆಗೆ ಸುತ್ತುತ್ತದೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಎರಡು ಸುತ್ತು ಸುತ್ತಿಸಿ, ಗೂಡು ಒಂದೇ ಸುತ್ತು. ಎರಡು ಚಕ್ರಗಳ ಸರಾಸರಿಯೇ ಗೂಡಿನ ವೇಗ. ಪುಟಗಟ್ಟಲೆ ಬರೆದಿದ್ದ ಸೂತ್ರ ಇಷ್ಟೇ.

ಲಾರಿಯನ್ನು ಸ್ವಂತವಾಗಿ ರೂಪಿಸಲು ಹೊರಟವನಿಗೆ ಬಿಚ್ಚುವುದು ತಪ್ಪುವುದಿಲ್ಲ. ಮೊದಲು ಟೈರು ಆರಿಸಬೇಕು, ಯಾಕೆಂದರೆ ಬೇರೆ ಏನನ್ನು ಬೇಕಾದರೂ ತುಣುಕು ಸೇರಿಸಿ ಮಾಡಬಹುದು, ಟೈರನ್ನು ಮಾಡಲಾಗದು. 62.4 ಮಿಲಿಮೀಟರ್ ಅಡ್ಡಳತೆಯ ಟೈರು ಹಿಡಿದರೆ, ಸುಮಾರು ಒಂದು ಮೀಟರ್ ಏಳು ಸೆಂಟಿಮೀಟರಿನ ನಿಜವಾದ ಲಾರಿ ಟೈರಿಗೆ ಹೋಲಿಸಿ ಹದಿನೇಳರಲ್ಲಿ ಒಂದು ಪಾಲು. ಯುರೋಪಿನ ಲಾರಿಯ ಅಗಲದ ಮಿತಿ 2.55 ಮೀಟರ್, ಅದನ್ನು ಹದಿನೇಳರಿಂದ ಭಾಗಿಸಿದರೆ ಹದಿನೈದು ಸೆಂಟಿಮೀಟರ್. ತೂತಿನಿಂದ ತೂತಿಗೆ 8 ಮಿಲಿಮೀಟರ್, ಹಾಗಾಗಿ ಅಗಲ ಹತ್ತೊಂಬತ್ತು ತೂತು. ಬೆಸ ಸಂಖ್ಯೆ ಬಂದರೆ ಪುಣ್ಯ, ನಟ್ಟನಡುವಿನ ತೂತಿನಲ್ಲಿ ಶಾಫ್ಟ್ ಸಾಗಿಸಬಹುದು.

ಗೇರುಗಳು ಬರುವವರೆಗೆ ಎಲ್ಲ ಸಲೀಸು. ಎಂಟು ಹಲ್ಲಿನದನ್ನು ಇಪ್ಪತ್ತನಾಲ್ಕು ಹಲ್ಲಿನದಕ್ಕೆ ಜೋಡಿಸಿದರೆ ನಡುವೆ ಸರಿಯಾಗಿ ಎರಡು ತೂತಿನ ದೂರ, ವೇಗ ಮೂರನೇ ಒಂದು, ಎಳೆಯುವ ಬಲ ಮೂರು ಪಟ್ಟು. ಹದಿನಾರನ್ನು ಇಪ್ಪತ್ತನಾಲ್ಕಕ್ಕೆ ಜೋಡಿಸಲು ಹೋಗಿ, ಎರಡೂವರೆ ತೂತು! ನೇರ ಬೀಮಿನಲ್ಲಿ ಅರ್ಧ ತೂತು ಎಲ್ಲಿಂದ ತರುವುದು? ಆಮೇಲೆ ಬಲವನ್ನು ಎಲ್ಲಿ ಹೆಚ್ಚಿಸಬೇಕು ಎಂಬ ಪ್ರಶ್ನೆ. ಮೋಟಾರಿನ ಪಕ್ಕದಲ್ಲೇ ಗೇರಿನಿಂದ ವೇಗ ಇಳಿಸಿದರೆ ಹೆಚ್ಚಿದ ಬಲವೆಲ್ಲ ಉದ್ದದ ಪ್ಲಾಸ್ಟಿಕ್ ಶಾಫ್ಟಿನ ಮೇಲೆ, ಡಿಫರೆನ್ಶಿಯಲ್‌ನ ಪುಟ್ಟ ಹಲ್ಲುಗಳ ಮೇಲೆ ಬೀಳುತ್ತದೆ. ಶಾಫ್ಟ್ ತಿರುಚಿಕೊಳ್ಳುತ್ತದೆ, ಏರಿನಲ್ಲಿ ಹಲ್ಲು ಜಾರಿ ಕಟಕಟ ಎನ್ನುತ್ತದೆ. ಇಳಿಸುವುದಿದ್ದರೆ ಡಿಫರೆನ್ಶಿಯಲ್ ದಾಟಿದ ಮೇಲೆ, ಚಕ್ರದ ಬುಡದಲ್ಲಿ ಇಳಿಸಬೇಕು. ಕಚ್ಚಾದಾರಿಯಲ್ಲೂ ಓಡುವ ಮರ್ಸಿಡಿಸ್ ಲಾರಿ ಯುನಿಮೋಗ್‌ನ 2011ರ ಲೆಗೊ ಮಾದರಿಯಲ್ಲಿ, ನಿಜವಾದ ಯುನಿಮೋಗ್‌ನಂತೆಯೇ, ಚಕ್ರದ ಪಕ್ಕದಲ್ಲಿ ಗೇರು ಕೂತಿರುವುದು ನೋಡಿದರೆ ಈ ಮಾತು ಅರ್ಥವಾಗುತ್ತದೆ. ಆಕ್ಸಲ್ ನೆಲದಿಂದ ಮೇಲೇಳುವುದು ಅದರ ಇನ್ನೊಂದು ಲಾಭ. ಆದರೆ ನೋಡಬೇಕಾದರೆ ಅದನ್ನೂ ಬಿಚ್ಚಲೇಬೇಕು, ಹೊರಗಿನಿಂದ ಕಾಣುವುದಿಲ್ಲ.

ಇದೆಲ್ಲ ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಎನ್ನುವ ಗೆಳೆಯರು ಊರಿನಲ್ಲಿದ್ದಾರೆ. ಮಾಡಬಹುದು. ಜೇಮ್ಸ್ ಜೆಸ್ಸಿಮನ್ ಎಂಬಾತ 1995ರಲ್ಲಿ ಎಲ್‌ಡ್ರಾ ಎಂಬ, ಲೆಗೊ ಮಾದರಿಗಳನ್ನು ಪರದೆಯಲ್ಲೇ ಕಟ್ಟುವ ತಂತ್ರಾಂಶ ಮಾಡಿಟ್ಟ. ಎರಡೇ ವರ್ಷಕ್ಕೆ ತೀರಿಕೊಂಡ. ಅವನು ಹಾಕಿಕೊಟ್ಟ ಕಡತದ ಕ್ರಮ ಇವತ್ತಿಗೂ ನಡೆಯುತ್ತಿದೆ. ಪರದೆಯ ಮೇಲೆ ತುಣುಕಿಗೆ ಬರವಿಲ್ಲ, ಕಾಸೂ ಇಲ್ಲ. ಆದರೆ ಪರದೆಗೆ ಘರ್ಷಣೆ ಗೊತ್ತಿಲ್ಲ. ಶಾಫ್ಟನ್ನು ಜಾರದಂತೆ ಹಿಡಿಯುವ ಬುಶ್ ಎಂಬ ಪುಟ್ಟ ಬಳೆಯನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಶಾಫ್ಟ್ ಬಿಗಿಯುತ್ತದೆ, ಬಿಗಿ ಪಿನ್ನು ಹಾಕಬಾರದ ಕಡೆ ಹಾಕಿದರೆ ಸ್ಟೇರಿಂಗ್ ಹಟ ಹಿಡಿಯುತ್ತದೆ. ಪರದೆಯಲ್ಲಿ ಅಚ್ಚುಕಟ್ಟಾಗಿ ಕೂತ ಲಾರಿ ಮೇಜಿನ ಮೇಲೆ ಗುಂಯ್ ಎಂದು ನಿಂತೇ ಇರುತ್ತದೆ. ಮೋಟಾರು ಜೋಡಿಸುವ ಮೊದಲು ಚಕ್ರವನ್ನು ಬೆರಳಿಂದ ತಟ್ಟಿ ಎಷ್ಟು ಹೊತ್ತು ಸುತ್ತುತ್ತದೆ ನೋಡು ಎಂದು ಕ್ರೇನಿನ ಅಜ್ಜ ಹೇಳಿಕೊಟ್ಟರು. ತಟ್ಟಿದಾಗ ತಕ್ಷಣ ನಿಂತರೆ ಮತ್ತೆ ಬಿಚ್ಚು.

ಇಷ್ಟು ಹೇಳಿದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕಾಗುತ್ತದೆ, ಮನಸ್ಸಿಲ್ಲದಿದ್ದರೂ. ಆ ಅಜ್ಜನಿಗೆ ನೆಲಮಾಳಿಗೆ ಇದೆ, ಗೋಡೆ ತುಂಬ ಡ್ರಾಯರ್ ಇದೆ. ಒಂದು ಗೇರು ಸೋಫಾ ಕೆಳಗೆ ಹೋದರೆ ಅವರು ಬಗ್ಗುವುದೂ ಇಲ್ಲ. ಡ್ರಾಯರಿನಲ್ಲಿ ಅಂಥವು ಹಿಡಿಗಟ್ಟಲೆ ಬಿದ್ದಿವೆ. ಅಕ್ಕನ ಮಗನ ಹತ್ತಿರ ಇರುವುದೇ ಒಂದು ಪೆಟ್ಟಿಗೆ. ಒಂದು ಗೇರು ಕಳೆದರೆ ಇಡೀ ಲಾರಿ ಕುಂಟು. ಗಾಜಿನ ಹಿಂದೆ ಇಟ್ಟದ್ದು ಭಯವಲ್ಲ, ಲೆಕ್ಕಾಚಾರ ಎಂದು ಭಾವ ವಾದಿಸಿದರೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ.

ಇನ್ನೊಂದು, ಬಿಚ್ಚುವುದು ನಮ್ಮವರಿಗೆ ಬರುವುದಿಲ್ಲ ಎಂದರೆ ಹೆದ್ದಾರಿ ಬದಿಯ ಮೆಕ್ಯಾನಿಕ್ ನಕ್ಕಾನು. ನಿಜವಾದ ಲಾರಿಯ ಹಿಂದಿನ ಆಕ್ಸಲ್ ಹೌಸಿಂಗ್ ಬಿಚ್ಚಿ, ಒಳಗಿನ ಕ್ರೌನ್ ಪಿನಿಯನ್ ಗೇರುಗಳನ್ನು ಗೋಣಿಚೀಲದ ಮೇಲೆ ಹರಡಿ, ಸಂಜೆಯೊಳಗೆ ಜೋಡಿಸಿ ಲಾರಿ ಕಳಿಸುವವನು ಅವನು. ಸರಾಸರಿಯ ಸೂತ್ರ ಅವನು ಓದಿಲ್ಲ, ಅವನಿಗೆ ಬೇಕಾಗಿಯೂ ಇಲ್ಲ. ಅವನ ಕೈ ಮತ್ತು ನನ್ನ ಪಠ್ಯಪುಸ್ತಕ ಎಂದೂ ಭೇಟಿಯಾಗದಂತೆ ನೋಡಿಕೊಂಡದ್ದು ನಮ್ಮ ಕಡೆಯ ದೊಡ್ಡ ಸಾಧನೆ, ಅದಿರಲಿ. ಮತ್ತೆ ಈ ದೇಶದವರೆಲ್ಲ ಅಜ್ಜನಂಥವರಲ್ಲ. ಬೆಲೆ ಏರಲಿ ಎಂದು ಪೆಟ್ಟಿಗೆಯ ಸೀಲನ್ನೇ ಒಡೆಯದೆ ಅಟ್ಟದ ಮೇಲೆ ಪೇರಿಸಿಟ್ಟವರೂ ನಮ್ಮ ಗುಂಪಿನಲ್ಲೇ ಇದ್ದಾರೆ. ಕಟ್ಟಿ ಗಾಜಿನೊಳಗೆ ಇಟ್ಟ ಅಕ್ಕನ ಮಗ ಅವರಿಗಿಂತ ವಾಸಿ.

ಹಾಗಾಗಿ ಹುಡುಗನ ಜೊತೆ ಒಂದು ರಾಜಿಗೆ ಬಂದಿದ್ದೇನೆ. ಮುಂದಿನ ಪಾರ್ಸೆಲ್‌ನಲ್ಲಿ ಹೊಸ ಪೆಟ್ಟಿಗೆ ಇಲ್ಲ, ಬಿಡಿ ತುಣುಕು ಮಾತ್ರ: ಡಿಫರೆನ್ಶಿಯಲ್ ಒಂದು, ಎಂಟು ಮತ್ತು ಇಪ್ಪತ್ತನಾಲ್ಕು ಹಲ್ಲಿನ ಗೇರು ಕೆಲವು, ಬೀಮು, ಶಾಫ್ಟು, ನಾಲ್ಕು ಚಕ್ರ, ಒಂದು ಮೋಟಾರು, ಕಳೆದುಕೊಳ್ಳಲೆಂದೇ ಒಂದಿಷ್ಟು ಹೆಚ್ಚುವರಿ ಪಿನ್ನು. ಸೂಚನೆಯ ಪುಸ್ತಕ ಕಳಿಸುವುದಿಲ್ಲ. “ಮಾವ, ಇದ್ರಲ್ಲಿ ಏನಾಗುತ್ತೆ?” ಎಂದು ಈಗಲೇ ಮೆಸೇಜ್ ಮಾಡಿದ್ದಾನೆ. ಒಂದು ಹಿಂದಿನ ಆಕ್ಸಲ್ ಆದರೆ ಸಾಕು, ದಪ್ಪ ಪುಸ್ತಕದ ಏರಿನ ಮೇಲೆ ಹತ್ತಿಸು, ಹಲ್ಲು ಎಲ್ಲಿ ಜಾರುತ್ತದೆ ಹೇಳು ಎಂದಿದ್ದೇನೆ. ಮ್ಯಾಕ್ ಶೋಕೇಸಿನಲ್ಲೇ ಇರಲಿ, ಭಾವನ ಮನಸ್ಸಿಗೂ ಸಮಾಧಾನ.