ಸಂಕಷ್ಟಿಗೆ ಬಿಡೋದು ಊಟ, ವಾಕಿಂಗ್ ಅಲ್ಲ

ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲು. ಹತ್ತುವಾಗ ಏನೂ ಆಗಲಿಲ್ಲ, ನಂದಿ ಹತ್ತಿರ ನಿಂತು ಫೋಟೋ ಬೇರೆ ತೆಗೆಸಿಕೊಂಡೆ. ಮಂಗಳವಾರ ಬೆಳಿಗ್ಗೆ ನೋಡಿ, ಹಾಸಿಗೆಯಿಂದ ಬಚ್ಚಲಿಗೆ ಹೋಗೋಕೆ ಗೋಡೆ, ಬೀರು, ಬಾಗಿಲ ಚಿಲಕ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಹೋಗಬೇಕಾಯಿತು. ಬೆಟ್ಟ ಹತ್ತಿದ್ದಕ್ಕಿಂತ ಇಳಿದಿದ್ದಕ್ಕೇ ತೊಡೆ ಜಾಸ್ತಿ ನೋಯುತ್ತೆ, ಅದೂ ಒಂದೆರಡು ದಿನ ಬಿಟ್ಟು ಬಡ್ಡಿ ಸಮೇತ ಬರುತ್ತೆ. ರೆಸ್ಟ್ ಕೊಟ್ಟರೆ ತಾನಾಗೇ ರಿಪೇರಿ ಆಗುತ್ತೆ. ಇದೆಲ್ಲ ಗೊತ್ತು. ಗೊತ್ತಿದ್ದೂ ದಿನಾ ಹೋಗೋ ವಾಕಿಂಗ್ ಬಿಟ್ಟು ಆರು ಗಂಟೆಗೆ ಹೊದ್ದು ಮಲಗಿದ್ದರೆ, ಚಿಕ್ಕವನಿದ್ದಾಗ ಹೊಟ್ಟೆನೋವು ಅಂತ ನರಳಿ ಸ್ಕೂಲಿಗೆ ಚಕ್ಕರ್ ಹಾಕಿದ ದಿನದ ಹಾಗೇ ಎದೆ ಡವಡವ.

ಮೊದಲು ಕೈಯಲ್ಲಿದ್ದ ವಾಚು ಗುರ್ ಅಂದಿತು, ಏಳಿ, ಓಡಾಡಿ ಅಂತ. ಸಿಟ್ಟು ಬಂದು ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಬೇಕು ಅನ್ನೋ ಈ ಲೆಕ್ಕದ ಮೂಲ ಏನು ಅಂತ ಮಲಗಿದಲ್ಲೇ ಹುಡುಕಿದೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸೋ ಮೀಟರ್ ಒಂದನ್ನು ಮಾರೋಕೆ ಬಿಟ್ಟರಂತೆ, ಅದರ ಹೆಸರೇ ಮಾನ್ಪೋ-ಕೇ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಅಂದರೆ ನಾನು ಇಷ್ಟು ವರ್ಷ ಹೆದರಿದ್ದು ಒಂದು ಅಂಗಡಿ ಬೋರ್ಡಿಗೆ! ವಾಚಿಗೆ ಇದನ್ನ ಓದಿ ಹೇಳಿದೆ. ಅದು ಮತ್ತೆ ಗುರ್ ಅಂದಿತು.

ಆಮೇಲೆ ನೆನಪಾಯಿತು. ನಮ್ಮ ಮೈಸೂರಿನ ಅಷ್ಟಾಂಗ ಯೋಗದವರು ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸ ಮಾಡಲ್ಲ. ವಿದೇಶದಿಂದ ಬಂದು ಗೋಕುಲಂನಲ್ಲಿ ಬಾಡಿಗೆ ಮನೆ ಹಿಡಿದು ಕಲಿಯೋರೂ ಆ ದಿನ ಎಳನೀರು ಕುಡಿದುಕೊಂಡು ಆರಾಮಾಗಿ ಇರ್ತಾರೆ. ಯಾರಿಗೂ ಪಾಪಪ್ರಜ್ಞೆ ಇಲ್ಲ, ಯಾಕಂದ್ರೆ ರಜಾ ಕೊಟ್ಟಿದ್ದು ಚಂದ್ರ. ತೆವಳಿಕೊಂಡು ಹೋಗಿ ಗೋಡೆ ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆಗೆ ಇನ್ನೂ ಹನ್ನೊಂದು ದಿನ. ಆದರೆ ಇವತ್ತು ಅಂಗಾರಕ ಸಂಕಷ್ಟಿ. ಅದೂ ಚಂದ್ರನ ಲೆಕ್ಕವೇ ಅಲ್ವಾ?

"ಸಂಕಷ್ಟಿ ಕಣೇ, ಇವತ್ತು ವಾಕಿಂಗ್ ಇಲ್ಲ" ಅಂದೆ ಜೋರಾಗಿ.

ಅಡುಗೆಮನೆಯಿಂದ ಉತ್ತರ ಬಂತು. "ಸಂಕಷ್ಟಿಗೆ ಬಿಡೋದು ಊಟ ರೀ, ವಾಕಿಂಗ್ ಅಲ್ಲ. ಒಳ್ಳೇದಾಯ್ತು ಬಿಡಿ, ನಿಮಗೆ ಇಡ್ಲಿ ಇಡಲ್ಲ. ರಾತ್ರಿ ಚಂದ್ರ ನೋಡಿಕೊಂಡು ಜೊತೆಗೇ ಊಟ ಮಾಡೋಣ."

ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು.

ಅರ್ಧ ಗಂಟೆ ತಡೆದೆ. ಆಮೇಲೆ ಹಾಲು ತರ್ತೀನಿ ಅಂತ ಎದ್ದೆ. ಕುಕ್ಕರಹಳ್ಳಿ ಕೆರೆ ದಾರಿಯ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ. ಹಾಲಿಗೆ ಹೋಗೋಕೆ ಸ್ಪೋರ್ಟ್ಸ್ ಶೂ ಯಾಕೆ ಹಾಕಿದೆ ಅಂತ ಕೇಳಬೇಡಿ, ದಾರೀಲಿ ಸಿಗೋ ನಾಲ್ಕು ಜನ ನೋಡಲಿ ಅಂತ ಅಷ್ಟೇ. ಕೈ ತೊಳೆದು ಹೊರಗೆ ಬಂದರೆ ಎದುರು ಮನೆ ಮೇಷ್ಟ್ರು. ಎಪ್ಪತ್ತು ದಾಟಿದ್ದಾರೆ, ಒಂದು ದಿನ ತಪ್ಪಿಸಿದ್ದು ನಾನು ನೋಡಿಲ್ಲ.

"ಏನ್ ಸಾರ್, ಎಷ್ಟು ಸುತ್ತು ಆಯ್ತು?"

"ಒಂದು" ಅಂದುಬಿಟ್ಟೆ.

"ಭೇಷ್! ನನ್ನದೂ ಒಂದು ಆಯ್ತು. ಬನ್ನಿ, ಎರಡನೇದು ಜೊತೆಗೆ ಹಾಕೋಣ."

ಹೊಟ್ಟೇಲಿ ವಡೆ, ಕೈಯಲ್ಲಿ ಹಾಲಿನ ಪ್ಯಾಕೆಟ್. ಏರಿ ಮೇಲೆ ನಾನು ಬಾತುಕೋಳಿ ಥರ ನಡೆಯೋದನ್ನ ನೋಡಿ ಕೆರೆಯ ಹಕ್ಕಿಗಳೇ ಒಂದು ಕ್ಷಣ ಸುಮ್ಮನಾದವು ಅನ್ನಿಸಿತು. ಅರ್ಧ ಸುತ್ತಿಗೆ ಮೇಷ್ಟ್ರು ನಿಂತರು. ನನ್ನ ಕಾಲನ್ನೇ ನೋಡಿದರು.

"ಯಾಕೋ ತುಂಬಾ ಸುಸ್ತಾದ ಹಾಗಿದೆ. ಮಧ್ಯೆ ಒಂದಿನ ರೆಸ್ಟ್ ತಗೋಬೇಕು ಸಾರ್."