ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿಳಿ ಐದು

ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಗಿಟಾರ್ ಇಟ್ಟುಕೊಳ್ಳುವುದು ದೊಡ್ಡ ವಿಷಯವಲ್ಲ. ಗೋಡೆಗೆ ಒಂದು ಮೊಳೆ ಹೊಡೆದರೆ ಅದರ ಪಾಡಿಗೆ ಅದು ನೇತಾಡಿಕೊಂಡಿರುತ್ತದೆ. ತಕರಾರೆಲ್ಲ ಪೆಡಲುಗಳದ್ದು. ಅವನ್ನು ಕಾಲಲ್ಲಿ ಒತ್ತಬೇಕು, ಅಂದರೆ ನೆಲದ ಮೇಲೇ ಇರಬೇಕು. ಮುಂಬೈ ಕಡೆಯ ಮನೆಗಳಲ್ಲಿ ಗೋಡೆಗೆ ಬರವಿಲ್ಲ, ಬರ ಇರುವುದು ನೆಲಕ್ಕೆ. ಬೆಳಿಗ್ಗೆ ಅಮ್ಮ ಸೊಪ್ಪು ಬಿಡಿಸುವ ಜಾಗ, ಸಂಜೆ ಮಗಳ ಪ್ರಾಜೆಕ್ಟಿನ ಥರ್ಮೋಕೋಲ್ ಕಾರ್ಖಾನೆ, ರಾತ್ರಿ ಹಾಸಿಗೆ, ಎಲ್ಲವೂ ಅದೇ ಹಾಲು. ಅದರ ನಡುವೆ ನನ್ನ ಐದು ಪೆಡಲು, ಅವುಗಳ ಕೇಬಲ್ಲು, ಒಂದು ಎಕ್ಸ್‌ಟೆನ್ಷನ್ ಬೋರ್ಡು.

ಗಿಟಾರಿನ ಗೊಡವೆಗೆ ಹೋಗದೆ ಸುಖವಾಗಿರುವವರಿಗೆ ಒಂದು ಮಾತು. ಪೆಡಲು ಅಂದರೆ ಅಂಗೈಯಗಲದ ಲೋಹದ ಡಬ್ಬಿ. ಎಲೆಕ್ಟ್ರಿಕ್ ಗಿಟಾರಿನಿಂದ ಬಂದ ಸಣ್ಣ ಸದ್ದು ಇದರೊಳಗೆ ಹೊಕ್ಕು ಬೇರೆಯೇ ಆಗಿ ಹೊರಬರುತ್ತದೆ. ಒಂದು ಅದನ್ನು ಒರಟು ಮಾಡುತ್ತದೆ, ಒಂದು ತೂಗಾಡಿಸುತ್ತದೆ, ಒಂದು ಹೇಳಿದ್ದನ್ನೇ ಮೂರು ಸಲ ಹೇಳುತ್ತದೆ. (ಈ ಕೊನೆಯ ಕೆಲಸಕ್ಕೆ ನಮ್ಮ ಮನೆಯಲ್ಲಿ ಯಂತ್ರದ ಅಗತ್ಯವಿರಲಿಲ್ಲ.) ನನ್ನ ಕಿತ್ತಳೆ ಬಣ್ಣದ ಪೆಡಲು ಬಾಸ್ ಕಂಪನಿಯ ಡಿಎಸ್-1, 1978ರಿಂದ ಇವತ್ತಿನವರೆಗೂ ಹೆಚ್ಚುಕಡಿಮೆ ಅದೇ ಅಂಗಿ ತೊಟ್ಟು ಬರುತ್ತಿರುವ ಡಿಸ್ಟಾರ್ಷನ್ ಪೆಡಲು. ಸ್ಟೇಡಿಯಂಗಳನ್ನು ನಡುಗಿಸಿದ ವಂಶ ಅದರದ್ದು. ನಮ್ಮಲ್ಲಿ ಅದು ಆಂಪ್ಲಿಫೈಯರಿನ ವಾಲ್ಯೂಮು ಒಂದನ್ನು ದಾಟದಂತೆ, ಕೆಳಗಿನ ಮನೆಯ ಕಾಕಾ ಮಲಗುವ ಮುಂಚೆ, ಪಿಸುಮಾತಿನಲ್ಲಿ ಗರ್ಜಿಸುತ್ತದೆ.

ಪೆಡಲು ಜೋಡಿಸಲು ಬೋರ್ಡು ಬೇಕು. ಅಂಗಡಿಯಲ್ಲಿ ಅಲ್ಯೂಮಿನಿಯಂನ ಸಿದ್ಧ ಬೋರ್ಡುಗಳು ಸಿಗುತ್ತವೆ, ಬೆಲೆ ಕೇಳಿದರೆ ಇನ್ನೊಂದು ಪೆಡಲೇ ಬಂದೀತು ಅನ್ನಿಸುತ್ತದೆ. ಬೋರ್ಡಿಗೆ ಮುಖ್ಯವಾಗಿ ಬೇಕಾದ್ದು ಪಟ್ಟಿಗಳ ನಡುವೆ ಸಂದು, ಕೇಬಲ್ಲನ್ನು ಕೆಳಗೆ ಇಳಿಸುವುದಕ್ಕೆ. ಅಂಥದ್ದು ನಮ್ಮ ಬಾಗಿಲ ಪಕ್ಕದಲ್ಲೇ ನಿಂತಿತ್ತು: ಮರದ ಚಪ್ಪಲಿ ಸ್ಟ್ಯಾಂಡು. ಮೇಲಿನ ಅಂತಸ್ತಿನ ನಾಲ್ಕು ಸ್ಕ್ರೂ ಬಿಚ್ಚಿದೆ.

“ಅಲ್ಲ ಮಾರಾಯ್ರೇ, ಈಗ ಚಪ್ಪಲಿ ಎಲ್ಲಿಡೂದು?” ಎಂದಳು ಹೆಂಡತಿ.

“ಹೊರಗೆ.”

“ಹೊರಗಿಟ್ಟರೆ ಸೊಸೈಟಿಯವರು ನೋಟೀಸು ಕಳಿಸ್ತಾರೆ. ಕಳಿಸಿದರೆ ಉತ್ತರ ನೀವೇ ಬರೀರಿ, ಮರಾಠಿಯಲ್ಲಿ.”

ನೋಟೀಸು ಬಂತು. ಉತ್ತರವನ್ನು ಮಗಳು ಬರೆದಳು.

ಬೋರ್ಡು ಆದಮೇಲೆ ನಿಜವಾದ ಸುಖ ಶುರು. ಯಾವುದರ ಪಕ್ಕ ಯಾವುದು? ಮೊದಲು ಶ್ರುತಿ ನೋಡುವ ಟ್ಯೂನರ್, ಆಮೇಲೆ ಒರಟು ಮಾಡುವ ಓವರ್‌ಡ್ರೈವು, ಡಿಸ್ಟಾರ್ಷನ್, ಕೊನೆಗೆ ತೂಗಾಡಿಸುವ ಕೋರಸ್ಸು, ಹೇಳಿದ್ದನ್ನೇ ಹೇಳುವ ಡಿಲೇ ಎನ್ನುವುದು ವಾಡಿಕೆ. ಡಿಲೇಯನ್ನು ತಂದು ಡಿಸ್ಟಾರ್ಷನ್ನಿನ ಮುಂಚೆ ಇಟ್ಟರೆ ಪ್ರತಿಧ್ವನಿಗಳೆಲ್ಲ ಒಟ್ಟಿಗೆ ಅರೆದು ಕಲಸುಮೇಲೋಗರವಾಗಿ ಬರುತ್ತವೆ. ಇಟ್ಟು ನೋಡದೆ ಬಿಡುವವನು ಗಿಟಾರಿಗನೇ ಅಲ್ಲ. ಹಾಗಾಗಿ ನುಡಿಸುವುದಕ್ಕಿಂತ ಎಬ್ಬಿಸಿ ಕೂರಿಸುವುದರಲ್ಲೇ ಸಂಜೆ ಕಳೆಯುತ್ತದೆ, ಅದರಲ್ಲಿ ನನಗೇನೂ ಬೇಸರವಿಲ್ಲ.

ಅಮ್ಮನಿಗೆ ಬೇಸರ ಬಂತು. “ಇದೆಂತದು ಮಾರಾಯ, ದಿನಾ ಈ ಡಬ್ಬಿಗಳನ್ನು ಎಬ್ಬಿಸಿ ಎಬ್ಬಿಸಿ ಕೂರಿಸ್ತೀಯಲ್ಲ?” ಎಂದಳು. ನಾನು ಸಿಗ್ನಲ್ಲು, ಗೇನು, ಹಾರ್ಮೋನಿಕ್ಸು ಎಂದೇನೇನೋ ವಿವರಿಸಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿ, “ಎಲೆ ಬಡಿಸಿದ ಹಾಗೆ ಅನ್ನು. ಮಜ್ಜಿಗೆ ಹೊಯ್ದು ಅದರ ಮೇಲೆ ಸಾರು ಬಡಿಸಿದರೆ ಯಾರು ಉಣ್ತಾರೆ?” ಎಂದು ವಿಷಯ ಮುಗಿಸಿದಳು. ಅಲ್ಲಿಂದ ಮುಂದೆ ಡಿಲೇ ಪೆಡಲಿಗೆ ನಮ್ಮ ಮನೆಯಲ್ಲಿ ಮಜ್ಜಿಗೆ ಎಂದೇ ಹೆಸರು.

ಪೆಡಲುಗಳನ್ನು ಹಲಗೆಗೆ ಅಂಟಿಸುವುದು ವೆಲ್ಕ್ರೋದಿಂದ. ಮೃದು ಭಾಗ ಹಲಗೆಗೆ, ಮುಳ್ಳುಮುಳ್ಳಾದದ್ದು ಪೆಡಲಿನ ಅಡಿಗೆ. ಹಿಂದಿನ ಗೋಂದು ಮೇ ತಿಂಗಳ ಸೆಕೆಗೆ ಕರಗಿ ಪೆಡಲುಗಳು ತಾವಾಗಿಯೇ ಜಾರಿ ಜಾಗ ಬದಲಿಸುವುದು ಒಂದು ಮಜಾ. ಇನ್ನೊಂದು ಮಜಾ ಮುಳ್ಳಿನ ಭಾಗದ್ದು, ಅದು ಕಂಡದ್ದಕ್ಕೆಲ್ಲ ಕಚ್ಚಿಕೊಳ್ಳುತ್ತದೆ. ಒಂದು ಬೆಳಿಗ್ಗೆ ಮಿನಿ ಟ್ಯೂನರ್ ಕಾಣಿಸಲಿಲ್ಲ. ಸೋಫಾದ ಅಡಿ, ಮಗಳ ಬ್ಯಾಗು, ಎಲ್ಲ ಹುಡುಕಿದ್ದಾಯಿತು. ಅಮ್ಮ ಕುಕ್ಕರ್ ಇಳಿಸಲು ಅತ್ತ ತಿರುಗಿದಾಗ ಅದು ಅವಳ ಕೈಮಗ್ಗದ ಸೀರೆಯ ಸೆರಗಿನ ತುದಿಯಲ್ಲಿ ತೂಗುತ್ತಿತ್ತು. ಕೀಳುವಾಗ ಎರಡೆಳೆ ಜರಿ ಜತೆಗೇ ಬಂದವು. ಆ ಎರಡೆಳೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಇನ್ನು ಕರೆಂಟು. ಹೆಚ್ಚಿನ ಪೆಡಲುಗಳಿಗೆ 9 ವೋಲ್ಟ್ ಡಿಸಿ ಬೇಕು, ಅದರಲ್ಲೂ ಪಿನ್ನಿನ ನಡುವೆ ನೆಗೆಟಿವ್. ಮನೆಯ ಉಳಿದ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ನಡುವೆ ಪಾಸಿಟಿವ್. ಪಿನ್ನು ಮಾತ್ರ ಎರಡರದ್ದೂ ಅಣ್ಣತಮ್ಮಂದಿರಷ್ಟು ಒಂದೇ. ನನ್ನ ಭಾಮೈದ ನೆಟ್‌ವರ್ಕಿಂಗ್ ಕೆಲಸದಲ್ಲಿದ್ದಾನೆ, ಆದ್ದರಿಂದ ಜಗತ್ತಿನ ವೈರುಗಳೆಲ್ಲ ತನಗೆ ಪರಿಚಯ ಎಂಬ ಭಾವನೆ ಅವನದ್ದು. ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರನ್ನು ನನ್ನ ಹಸಿರು ಓವರ್‌ಡ್ರೈವಿಗೆ ಚುಚ್ಚಿಯಾಗಿತ್ತು. “ಪಿನ್ನು ಸರಿಯಾಗಿ ಕೂತಿತ್ತಲ್ಲ ಭಾವ!” ಎಂದ.

ಹಸಿರನ್ನು ಎತ್ತಿಕೊಂಡು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಭಡಕಮ್‌ಕರ್ ಮಾರ್ಗ ಎಂದು ಹೆಸರು ಬದಲಾಗಿ ಎಷ್ಟು ಕಾಲವಾದರೂ ಎಲೆಕ್ಟ್ರಾನಿಕ್ಸ್ ಬೇಕಾದವರಿಗೆ ಅದು ಲ್ಯಾಮಿಂಗ್ಟನ್ನೇ. ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿಯಬೇಕು. ರಿಪೇರಿಯವ ಪೆಡಲಿನ ಹೊಟ್ಟೆ ತೆರೆದು, ಮಲ್ಟಿಮೀಟರಿನ ಎರಡು ಮೊನೆ ತಾಗಿಸಿ, ಬೀಪ್ ಅನ್ನಿಸಿ, “ಡಾಯೋಡ್ ಗೇಲಾ ಸಾಹೇಬ್, ಬಾಕಿ ಠೀಕ್ ಆಹೇ” ಎಂದ. ಉಲ್ಟಾ ಕರೆಂಟು ಬಂದರೆ ಅದನ್ನು ಮೈಮೇಲೆ ಎಳೆದುಕೊಂಡು ತಾನು ಸತ್ತು, ಉಳಿದವರನ್ನು ಉಳಿಸಲೆಂದೇ ಇಟ್ಟಿರುವ ಡಾಯೋಡು ಅದು. ಬೆಲೆ ಕೆಲವೇ ರೂಪಾಯಿ. ನಾನು ತಿಂದ ವಡಾಪಾವ್ ಅದಕ್ಕಿಂತ ದುಬಾರಿ. ಭಾಮೈದ ಬಂದಾಗ ಮುಂದೆ ಬಿಟ್ಟು ನಾನು ಹಿಂದೆ ನಿಲ್ಲಬಹುದಾದ ಇಂಥದ್ದೊಂದು ಡಾಯೋಡು ಮನುಷ್ಯರಿಗೂ ಬೇಕಿತ್ತು.

ಅಲ್ಲಿಂದ ಬಂದು ಐದೂ ಪೆಡಲುಗಳನ್ನು ಒಂದೇ ಹಳೆಯ ಭಾರದ ಅಡಾಪ್ಟರಿಗೆ ಸಾಲಾಗಿ ಜೋಡಿಸಿದೆ. ಸ್ವಿಚ್ ಹಾಕಿದ ಕೂಡಲೇ ಗುಂಯ್ ಎಂದು ಶುರುವಾಯಿತು. ಇದರಲ್ಲಿ ಒಂದು ಪಾಲು ಗಿಟಾರಿನಲ್ಲಿ ತಂತಿಯ ಕಂಪನ ಹಿಡಿಯುವ ಸಿಂಗಲ್ ಕಾಯಿಲ್ ಪಿಕಪ್ಪಿನದ್ದು. ಅದು ಫ್ಯಾನ್ ರೆಗ್ಯುಲೇಟರಿನ ಕಿರಿಕಿರಿಯನ್ನೂ ಬಿಡದೆ ಹಿಡಿಯುತ್ತದೆ, ಕೂತ ದಿಕ್ಕು ಬದಲಿಸಿದರೆ ಹೆಚ್ಚುಕಡಿಮೆಯಾಗುತ್ತದೆ. ತಿರುಗಿ ತಿರುಗಿ ನೋಡಿದಾಗ ನಮ್ಮ ಹಾಲಿನಲ್ಲಿ ಈಶಾನ್ಯಕ್ಕೆ ಮುಖ ಮಾಡಿದರೆ ಕಡಿಮೆ ಎಂದು ಗೊತ್ತಾಯಿತು. “ವಾಸ್ತು ಸುಳ್ಳು ಅಂತಿದ್ದಿರಿ” ಎಂದಳು ಹೆಂಡತಿ. ಪಿಕಪ್ಪು, ಕಾಂತಕ್ಷೇತ್ರ ಎಂದು ಬಾಯಿ ತೆರೆದೆ. ಆಗಲೇ ಅವಳು ತವರಿಗೆ ಫೋನ್ ಹಚ್ಚಿಯಾಗಿತ್ತು.

ಉಳಿದ ಪಾಲು ಅಡಾಪ್ಟರಿನದ್ದು. ಗಿಟಾರಿನ ವಾಲ್ಯೂಮು ಸೊನ್ನೆಗಿಳಿಸಿದರೂ ಹೋಗಲಿಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಅಡಾಪ್ಟರ್ ಅದನ್ನು ಡಿಸಿ ಮಾಡುವಾಗ ಉಳಿಯುವ ಕಂಪನ 100 ಹರ್ಟ್ಜ್. ಡಿಎಸ್-1 ಅದನ್ನೇ ಹಿಡಿದು ಹಿಗ್ಗಿಸುತ್ತದೆ. ಗಿಟಾರಿನ ದಪ್ಪ ತಂತಿಯ ಮೂರನೆಯ ಮನೆ ಜಿ ಸ್ವರ, 98 ಹರ್ಟ್ಜ್. ಹಾರ್ಮೋನಿಯಂ ಲೆಕ್ಕದಲ್ಲಿ ಈ ಜಿ ಅಂದರೆ ಐದನೆಯ ಬಿಳಿ ಮನೆ, ಬಿಳಿ ಐದು. ನಮ್ಮ ಮನೆಯ ಗುಂಯ್ ಅದೇ, ಕೂದಲೆಳೆಯಷ್ಟು ಮೇಲೆ.

ಬಿಳಿ ಐದು ಅಮ್ಮನ ಶ್ರುತಿ. ಶನಿವಾರದ ಭಜನಾ ಮಂಡಳಿಯಲ್ಲಿ ಅವಳು ಹಾಡುವುದೇ ಅದರಲ್ಲಿ. ನಾನು ದೋಷ ಹುಡುಕುತ್ತಾ ಕೇಬಲ್ಲು ಕೀಳುತ್ತಿದ್ದರೆ ಅವಳು ದೇವರ ದೀಪ ಹಚ್ಚಿ, ಆಂಪ್ಲಿಫೈಯರಿನ ಪಕ್ಕ ಮಣೆ ಹಾಕಿ, ಕಣ್ಣು ಮುಚ್ಚಿ ದೇವರನಾಮ ಎತ್ತಿಕೊಂಡಳು. “ಆಫ್ ಮಾಡಬೇಡ ಮಾರಾಯ, ಒಳ್ಳೇ ಶ್ರುತಿ ಪೆಟ್ಟಿಗೆ ತಂದಿದ್ದೀ” ಎಂದಳು. ಮಳೆಗಾಲ ಪೂರ್ತಿ ಆ ಕೂದಲೆಳೆ ಮೇಲಿನ ಬಿಳಿ ಐದರಲ್ಲಿ ಅಭ್ಯಾಸ ನಡೆಯಿತು.

ದಸರೆಯ ಹೊತ್ತಿಗೆ ನಾನು ಪ್ರತಿ ಪೆಡಲಿಗೂ ಬೇರೆ ಬೇರೆ ಲೈನು ಕೊಡುವ ಐಸೊಲೇಟೆಡ್ ಪವರ್ ಸಪ್ಲೈ ತಂದೆ. ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ನನಗೆ ಕುಣಿಯುವಷ್ಟು ಖುಷಿ. ಅಡುಗೆಮನೆಯಿಂದ ಅಮ್ಮ, “ಕರೆಂಟು ಹೋಯ್ತಾ?” ಎಂದಳು.

ಈಗಿನ ಒಪ್ಪಂದ ಹೀಗಿದೆ. ದೀಪ ಹಚ್ಚುವ ಹೊತ್ತಿಗೆ ಡಿಎಸ್-1ನ್ನು ಹೊಸ ಸಪ್ಲೈಯಿಂದ ಬಿಡಿಸಿ ಹಳೆಯ ಅಡಾಪ್ಟರಿಗೆ ಸಿಕ್ಕಿಸಿ ಕೊಡಬೇಕು, ಮಂಗಳಾರತಿ ಆಗುವವರೆಗೆ ಗಿಟಾರ್ ಮುಟ್ಟುವಂತಿಲ್ಲ. ಆಯುಧಪೂಜೆಯಂದು ಅದಕ್ಕೆ ಕುಂಕುಮ ಹಚ್ಚಿದ್ದಾಳೆ, ಕಿತ್ತಳೆಯ ಮೇಲೆ ಅಷ್ಟೇನೂ ಎದ್ದು ಕಾಣುವುದಿಲ್ಲ. ಶನಿವಾರಗಳಂದು ಮಂಡಳಿಯಲ್ಲಿ ಮಾತ್ರ ಸಣ್ಣ ಗಲಾಟೆ. ಅಲ್ಲಿನ ಹಾರ್ಮೋನಿಯಂ ಇಳಿದಿದೆ ಎಂದು ಅಮ್ಮ ಹಟ ಹಿಡಿದಿದ್ದಾಳೆ, ಹಿರಿಯ ಗಾಯಕಿ ಹೇಳಿದ ಮೇಲೆ ಇರಬಹುದು ಎಂದು ಉಳಿದವರಿಗೂ ಅನ್ನಿಸತೊಡಗಿದೆ. ಶ್ರುತಿ ಏರಿಸಿ ಕೊಡುವವರು ಯಾರಾದರೂ ಗೊತ್ತಾ ಎಂದು ಮಂಡಳಿಯವರು ಮೊನ್ನೆ ನನಗೇ ಫೋನ್ ಮಾಡಿದ್ದರು.