ಬಿಸಿಲೂರಿನ ಬಿಯರ್: ಸ್ಟೀಲ್ ಡ್ರಮ್ಮಿಗಿಂತ ಒದ್ದೆ ಅರಿವೆ ಮೇಲು

ಅಮೆರಿಕದ ಫೀನಿಕ್ಸ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡಲು ಹೊರಟ ನಮ್ಮ ಕಡೆಯವರು ಮೊದಲು ಹೋಗುವುದು ಸಾಮಾನಿನ ಅಂಗಡಿಗೆ. ಹೊಳೆಯುವ ಸ್ಟೀಲ್ ಡ್ರಮ್ಮು, ಪಂಪು, ಡಿಜಿಟಲ್ ಪ್ಯಾನೆಲ್ಲು ಅಂತ ದುಡ್ಡು ಸುರಿದು, ಕಡೆಗೆ ಎಲ್ಲವನ್ನೂ 32 ಡಿಗ್ರಿಯ ಗ್ಯಾರೇಜಿನಲ್ಲಿ ಹುದುಗಲು ಇಡುತ್ತಾರೆ. ಕೆಡದೆ ಇನ್ನೇನಾದೀತು? ಬಿಯರ್ ಕೆಡಿಸುವುದು ಬಹುಪಾಲು ಸೆಕೆ. ಸೆಕೆಯನ್ನು ಪಳಗಿಸುವ ವಿದ್ಯೆಯನ್ನು ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿಯ ಅಮೆರಿಕದವರಿಂದ ನಾವು ಕಲಿಯಬೇಕಾದದ್ದು ಅಳೆದು ನೋಡುವ ಅಭ್ಯಾಸ, ಅಷ್ಟೇ ಎಂಬುದು ನನ್ನ ಅನಿಸಿಕೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಅಮೆರಿಕದಲ್ಲಿ 1978ರ ಕಾನೂನಿನ ನಂತರ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರ್ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿದರೆ ಅಪರಾಧ. ಹಾಗಾಗಿ ಊರಲ್ಲಿರುವವರು ಹುದುಗಿಸುವ ಭಾಗವನ್ನು ಓದಿ ಬಿಟ್ಟುಬಿಡಿ. ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಫ್ರಿಜ್ಜಿನ ಸಂಗತಿ ಉಪಯೋಗಕ್ಕೆ ಬರುತ್ತದೆ. ಸ್ವಂತಕ್ಕೆ ಇಂತಿಷ್ಟು ಲೀಟರ್ ಎಂದು ನಮ್ಮಲ್ಲೂ ಬಿಡಬಹುದು ಎಂದೇ ನನಗನ್ನಿಸುತ್ತದೆ. ಆದರೆ ‘ಮನೇಲಿ ಮಾಡಿದ್ದು’ ಅಂದರೆ ಸಾಕು, ನಮ್ಮವರಿಗೆ ಕಳ್ಳಬಟ್ಟಿ ನೆನಪಾಗುತ್ತದೆ. ಕಳ್ಳಬಟ್ಟಿ ಬಟ್ಟಿ ಇಳಿಸಿದ್ದು. ಜನ ಸಾಮೂಹಿಕವಾಗಿ ಸಾಯುವುದು ಹೆಚ್ಚಾಗಿ ಅದಕ್ಕೆ ಬೆರೆಸಿದ ಕಾರ್ಖಾನೆಯ ಮೆಥನಾಲ್‌ನಿಂದ. ಧಾನ್ಯವನ್ನು ಬರೀ ಹುದುಗಿಸಿದಾಗ ಅಪಾಯವಾಗುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಬಿಯರ್ ಕೆಟ್ಟರೆ ಹುಳಿಯಾಗುತ್ತದೆ, ನಾರುತ್ತದೆ, ಇಲ್ಲವೇ ಬಾಟಲಿ ಒಡೆಯುತ್ತದೆ.

ಏಲ್ ಎಂಬ ಬಗೆಯ ಬಿಯರನ್ನು ಹುದುಗಿಸುವ ಸಾಮಾನ್ಯ ಯೀಸ್ಟಿಗೆ 18ರಿಂದ 20 ಡಿಗ್ರಿ ಬೇಕು. ಯೀಸ್ಟ್ ಕೆಲಸಕ್ಕೆ ಕೂತಾಗ ತಾನೇ ಶಾಖ ಬಿಡುತ್ತದೆ. ಕೋಣೆಗಿಂತ ಒಳಗಿನ ದ್ರವ 3ರಿಂದ 5 ಡಿಗ್ರಿ ಹೆಚ್ಚಿರುತ್ತದೆ. ಎಸಿ 24ಕ್ಕೆ ಇಟ್ಟಿದ್ದೇನೆ ಅನ್ನುವವರ ಬಿಯರ್ ಒಳಗೊಳಗೇ 28 ಮುಟ್ಟಿರುತ್ತದೆ. ಆಗ ಫ್ಯೂಸೆಲ್ ಎಂಬ ಭಾರವಾದ ಆಲ್ಕೋಹಾಲುಗಳು ಹುಟ್ಟಿ ಗಂಟಲು ಸುಡುತ್ತವೆ, ನೇಲ್ ಪಾಲಿಶ್ ವಾಸನೆ ಬರುತ್ತದೆ. ಹೊಸಬರು ಅದಕ್ಕೆ ಮಾಲ್ಟನ್ನು ಬೈಯುತ್ತಾರೆ. ಕೆಡುವುದೆಲ್ಲ ಮೊದಲ ಮೂರು ದಿನದಲ್ಲಿ. ಅಷ್ಟು ದಿನ ತಂಪು ಕಾಯ್ದುಕೊಂಡರೆ, ಆಮೇಲೆ ಎರಡು ಡಿಗ್ರಿ ಏರಿದರೂ ಚಿಂತೆಯಿಲ್ಲ.

ಊರಿನ ಉಪಾಯ ಬರುವುದು ಇಲ್ಲಿ. ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಅರ್ಧಕ್ಕೆ ನೀರು ತುಂಬಿ, ಹುದುಗುವ ಬಕೆಟ್ಟನ್ನು ಅದರಲ್ಲಿ ನಿಲ್ಲಿಸಿ, ಹಳೆಯ ಹತ್ತಿ ಬನಿಯನ್ನು ತುದಿ ನೀರಿಗೆ ಮುಳುಗುವಂತೆ ಹೊದಿಸಿ, ಟೇಬಲ್ ಫ್ಯಾನ್ ತಿರುಗಿಸಿ. ಬೇಸಿಗೆಯಲ್ಲಿ ನೀರಿನ ಹರವಿಗೆ ಒದ್ದೆ ಅರಿವೆ ಸುತ್ತುವುದು, ಕಿಟಕಿಗೆ ಕೂಲರ್ ಕೂರಿಸುವುದು ಇದೇ ಲೆಕ್ಕ. 40 ಡಿಗ್ರಿ ಬಿಸಿಲಿದ್ದು ಗಾಳಿಯ ತೇವ ಶೇ 20 ಇದ್ದರೆ, ಆವಿಯಾಗುವ ನೀರು ಹೆಚ್ಚೆಂದರೆ 22–23 ಡಿಗ್ರಿಯವರೆಗೆ ಇಳಿಸಬಲ್ಲದು. ಕೈಗೆ ಸಿಗುವುದು 26ರ ಆಸುಪಾಸು. ಉಳಿದದ್ದಕ್ಕೆ ಮಂಜುಗಟ್ಟಿಸಿದ ಬಾಟಲಿ. ಒಂದು ಲೀಟರ್ ಮಂಜು ಕರಗುವಾಗ 20 ಲೀಟರ್ ದ್ರವವನ್ನು ಸುಮಾರು 4 ಡಿಗ್ರಿ ಇಳಿಸುವಷ್ಟು ಶಾಖ ಹೀರುತ್ತದೆ. ಟಬ್ಬಿನಲ್ಲಿ ಇನ್ನೊಂದು 20 ಲೀಟರ್ ನೀರಿದ್ದರೆ ಅದು ಎರಡು ಡಿಗ್ರಿಗೆ ಬರುತ್ತದೆ. ಆದ್ದರಿಂದ ಬೆಳಗ್ಗೆ ಎರಡು, ರಾತ್ರಿ ಎರಡು ಬಾಟಲಿ ಬದಲಿಸಬೇಕು. ಫೀನಿಕ್ಸ್‌ನಲ್ಲಿ ಈ ಉಪಾಯ ಜೂನ್‌ವರೆಗೆ ಚೆನ್ನಾಗಿ ನಡೆದು, ಜುಲೈನಲ್ಲಿ ಮಾನ್ಸೂನ್ ತೇವ ಬಂದೊಡನೆ ಕೈಕೊಡುತ್ತದೆ. ಮಳೆಗಾಲ ಹಿಡಿದ ಮೇಲೆ ಕೂಲರ್ ಮುಂದೆ ಕೂತು ಬೆವರಿದ ರಾಯಚೂರಿನವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ವರ್ಷವಿಡೀ ಮಾಡುವುದಾದರೆ ಹಳೆಯ ಫ್ರಿಜ್ ಮತ್ತು ಒಂದು ಟೆಂಪರೇಚರ್ ಕಂಟ್ರೋಲರ್ ತಗೊಳ್ಳಿ. ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರಿಗೆ ಹಾಕುವಂಥದ್ದೇ. ಅದರ ಪ್ರೋಬನ್ನು (ಶಾಖ ಅಳೆಯುವ ತುದಿ) ಗಾಳಿಯಲ್ಲಿ ನೇತುಹಾಕಬೇಡಿ. ಬಕೆಟ್ಟಿನ ಮೈಗೆ ಒತ್ತಿ, ಮೇಲೆ ಥರ್ಮಾಕೋಲ್ ತುಂಡಿಟ್ಟು ಟೇಪ್ ಸುತ್ತಿ. ಗಾಳಿಯಲ್ಲಿದ್ದರೆ ಬಾಗಿಲು ತೆಗೆದಾಗಲೆಲ್ಲ ಕಂಪ್ರೆಸರ್ ಓಡುತ್ತದೆ, ಬಿಯರ್ ಮಾತ್ರ ಬಿಸಿಯಾಗೇ ಇರುತ್ತದೆ. ಕಂಟ್ರೋಲರಿನಲ್ಲಿ ವ್ಯತ್ಯಾಸ ಅರ್ಧ ಡಿಗ್ರಿ, ಕಂಪ್ರೆಸರ್ ವಿಳಂಬ ಕನಿಷ್ಠ 3 ನಿಮಿಷ ಇಡಿ, ಇಲ್ಲವಾದರೆ ಕಂಪ್ರೆಸರ್ ಸುಡುತ್ತದೆ. ಬಳ್ಳಾರಿಯಲ್ಲಿ ಇದೇ ಫ್ರಿಜ್ಜನ್ನು 28ಕ್ಕೆ ಇಟ್ಟರೆ ಮೇ ತಿಂಗಳಲ್ಲೂ ದೋಸೆ ಹಿಟ್ಟು ಹುಳಿಮುರಿಯಾಗುವುದಿಲ್ಲ.

ಇಷ್ಟೆಲ್ಲ ಯಾಕೆ ಬೇಕು ಅನ್ನುವವರಿಗೆ ಪಶ್ಚಿಮ ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟ್ ಇದೆ. ಅದರಲ್ಲಿ ವೊಸ್ ತಳಿ 35ರಿಂದ 40 ಡಿಗ್ರಿಯಲ್ಲೇ ಖುಷಿಯಾಗಿ ಹುದುಗಿ ಮೂರ್ನಾಲ್ಕು ದಿನಕ್ಕೆ ಕೆಲಸ ಮುಗಿಸುತ್ತದೆ, ತುಸು ಕಿತ್ತಳೆಯ ಘಮವನ್ನೂ ಬಿಡುತ್ತದೆ. ಚಳಿ ದೇಶದ ಯೀಸ್ಟು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದಂತಿರುವುದು ತಮಾಷೆಯೇ ಸರಿ.

ಕುದಿಸುವ ಸಾಮಾನಿಗೆ ಹೆಚ್ಚು ಮಾತು ಬೇಡ. 20 ಲೀಟರ್ ಬಿಯರಿಗೆ 4.5 ಕೆಜಿ ಬಾರ್ಲಿ ಮಾಲ್ಟ್, ಅದನ್ನು ನೆನೆಸಲು 15 ಲೀಟರ್ ನೀರು (ಉಳಿದ ನೀರನ್ನು ಆಮೇಲೆ ಮಾಲ್ಟ್ ತೊಳೆದು ರಸ ಇಳಿಸಲು ಸುರಿಯಬೇಕು), ಗಟ್ಟಿ ಮುಚ್ಚಳದ 38 ಲೀಟರ್ ಐಸ್ ಬಾಕ್ಸ್, ಒಂದು ಬಟ್ಟೆ ಚೀಲ, 30 ಲೀಟರಿನ ಡಬರಿ ಸಾಕು. ಮಾಲ್ಟ್ ಮತ್ತು ನೀರು ಕೂಡಿ 66 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಬೇಕು. ಅಮೆರಿಕದ ಪುಸ್ತಕಗಳ ಲೆಕ್ಕದಲ್ಲಿ ಮಾಲ್ಟು 20 ಡಿಗ್ರಿಯದ್ದು, ನೀರು 72ರದ್ದು. ಬೇಸಿಗೆಯ ಗ್ಯಾರೇಜಿನ ಮಾಲ್ಟು 35 ಡಿಗ್ರಿ ಇರುತ್ತದೆ. ಆಗ ನೀರು 70 ಸಾಕು. ಆ ಎರಡು ಡಿಗ್ರಿ ಮರೆತರೆ ಯೀಸ್ಟಿಗೆ ಒಗ್ಗದ ಸಕ್ಕರೆ ಹೆಚ್ಚಿ ಬಿಯರ್ ದಪ್ಪಗೆ, ಸಪ್ಪೆ ಸಿಹಿಯಾಗಿ ಉಳಿಯುತ್ತದೆ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರೂ ಅಷ್ಟೇ: 20 ಡಿಗ್ರಿಗೆ ತಿದ್ದಿದ್ದನ್ನು 40 ಡಿಗ್ರಿಯ ಮಾಲ್ಟ್ ರಸಕ್ಕೆ ಇಳಿಸಿದರೆ 1.050 ಇರುವುದು 1.044 ಎಂದು ತೋರುತ್ತದೆ. ತಣಿಸಿ ನೋಡಿ. ಸತುವಿನ ಲೇಪದ ಜಿಐ ಪೈಪು, ಜಿಐ ಬಕೆಟ್ ಬೇಡವೇ ಬೇಡ. ಹುಳಿ ರಸಕ್ಕೆ ಸತುವು ಕರಗುತ್ತದೆ.

ರಸಕ್ಕೆ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಹಾಕಿ ಒಂದು ಗಂಟೆ ಕುದಿಸಿದ ಮೇಲೆ ಬೇಗ ತಣಿಸಬೇಕು. 10 ಮೀಟರ್ ತಾಮ್ರದ ಕೊಳವೆಯನ್ನು ಸುರುಳಿ ಸುತ್ತಿ ಡಬರಿಗೆ ಇಳಿಸಿ, ಒಳಗೆ ನಲ್ಲಿ ನೀರು ಹರಿಸುವುದು ಇಲ್ಲಿಯ ಪದ್ಧತಿ. ಬೇಸಿಗೆಯಲ್ಲಿ ಫೀನಿಕ್ಸ್ ನಲ್ಲಿಯ ನೀರೇ 30 ದಾಟಿರುತ್ತದೆ, ರಾಯಚೂರಿನ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರಿನ ಕತೆ ಕೇಳುವುದೇ ಬೇಡ. ಹಾಗಾಗಿ 45 ಡಿಗ್ರಿವರೆಗೆ ನಲ್ಲಿ ನೀರು, ಆಮೇಲೆ ಕೂಲರಿನ ಸಣ್ಣ ಪಂಪನ್ನು ಮಂಜುನೀರಿನ ಬಕೆಟ್ಟಿಗೆ ಹಾಕಿ ಅದೇ ನೀರನ್ನು ಸುತ್ತಿಸಬೇಕು. ಮೊದಲಿನಿಂದಲೇ ಮಂಜು ಹಾಕಿದರೆ ಹತ್ತು ನಿಮಿಷಕ್ಕೆ ಮಂಜೂ ಮುಗಿಯಿತು, ತಾಳ್ಮೆಯೂ ಮುಗಿಯಿತು.

ಜೋಳದ ವಿಷಯಕ್ಕೆ ಬಂದರೆ ಎರಡೂ ಕಡೆಯವರಿಗೆ ಒಂದೊಂದು ಪಾಠವಿದೆ. ಬಾರ್ಲಿಗೆ ಮೊಳಕೆ ಬರಿಸಲು 15–18 ಡಿಗ್ರಿಯ ತಂಪು ಬೇಕು. ಜೋಳ 25ರಿಂದ 30ರಲ್ಲೇ ಸೊಗಸಾಗಿ ಮೊಳೆಯುತ್ತದೆ, ಅಂದರೆ ಕೊಪ್ಪಳದ ನಡುಮನೆಯೇ ಮಾಲ್ಟ್ ಕಾರ್ಖಾನೆ. ಹಿಂಗಾರಿ ಜೋಳ, ಮಾಲ್ದಂಡಿ ತಳಿ ಆದರೆ ಒಳ್ಳೆಯದು. ಮುಂಗಾರಿನದ್ದು ತೆನೆಯಲ್ಲಿ ಮಳೆಗೆ ಸಿಕ್ಕು ಕಪ್ಪು ಬೂಷ್ಟು ಹಿಡಿದಿರುವ ಸಾಧ್ಯತೆ ಹೆಚ್ಚು. ಬಿತ್ತನೆ ಬೀಜವನ್ನಂತೂ ಮುಟ್ಟಬೇಡಿ, ಔಷಧ ಸವರಿರುತ್ತಾರೆ. 24 ಗಂಟೆ ನೆನೆಸಿ, ಏಳೆಂಟು ಗಂಟೆಗೊಮ್ಮೆ ನೀರು ಬದಲಿಸಿ. ಒದ್ದೆ ಗೋಣಿಚೀಲದ ಮೇಲೆ ಎರಡು ಇಂಚು ದಪ್ಪಕ್ಕೆ ಹರವಿ, ದಿನಕ್ಕೆರಡು ಸಲ ಕೈಯಾಡಿಸಿ ನೀರು ಚಿಮುಕಿಸಿ. ರಾಶಿ ದಪ್ಪವಾದರೆ ಒಳಗೆ ಕಾವು ಏರಿ ಬೂಷ್ಟು ಬರುತ್ತದೆ. ಬಂದರೆ ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಚೆಲ್ಲಿ. ನಾಲ್ಕು ದಿನಕ್ಕೆ ಮೊಳಕೆ ಒಂದಿಂಚು ಬಂದಿರುತ್ತದೆ. ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ, ಗೋಣಿಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಬೇರು ಮೊಳಕೆ ಎಲ್ಲ ಹಾರಿಸಿಬಿಡಿ.

ಈ ತಿಕ್ಕಾಟವನ್ನು ಬಿಡುವಂತಿಲ್ಲ. ಎಳೆ ಜೋಳದ ಪೈರಿಗೆ ಬಾಯಿ ಹಾಕಿದ ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಅದೇ ಧುರಿನ್ ಎಂಬ ವಸ್ತು ಮೊಳಕೆಯಲ್ಲೂ ಬೇರಲ್ಲೂ ಇದ್ದು ಸಯನೈಡ್ ಬಿಡುತ್ತದೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಒಗ್ಗದವರಿಗಾಗಿ ಮನೆಯಲ್ಲೇ ಜೋಳದ ಮಾಲ್ಟ್ ಮಾಡಹೊರಟ ಇಲ್ಲಿಯ ಹವ್ಯಾಸಿಗಳಿಗೆ ಇದನ್ನು ಒತ್ತಿ ಹೇಳಬೇಕು.

ನಮ್ಮವರಿಗೆ ಗೊತ್ತಿಲ್ಲದ ಪಾಠ ಇನ್ನೊಂದು. ಜೋಳದ ಪಿಷ್ಟ ಬೆಂದು ಬಿರಿಯುವುದು 70 ಡಿಗ್ರಿಯ ಮೇಲೆ; ಅಷ್ಟರಲ್ಲಿ ಅದನ್ನು ಸಕ್ಕರೆ ಮಾಡುವ ಕಿಣ್ವ ಸತ್ತಿರುತ್ತದೆ. ಬಾರ್ಲಿಯ ಹಾಗೆ ನೇರ 66ಕ್ಕೆ ಇಟ್ಟರೆ ಸಕ್ಕರೆ ಅರೆಬರೆ. ಆದ್ದರಿಂದ 45–50 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಮೇಲೆ ನಿಂತ ತಿಳಿಯನ್ನು ಬೇರೆ ಬಸಿದಿಟ್ಟು, ಅಡಿಯ ಮಂದವನ್ನಷ್ಟೇ ಕುದಿಸಿ, 65ಕ್ಕೆ ಆರಿಸಿ, ತಿಳಿಯನ್ನು ಮತ್ತೆ ಬೆರೆಸಬೇಕು. ಕಿಣ್ವ ಆ ತಿಳಿಯಲ್ಲೇ ಇರುತ್ತದೆ. ಇದೇ ಕಾರಣಕ್ಕೆ ಕುದಿಸಿ ಆರಿಸಿದ ಅಂಬಲಿಗೆ ಒಂದು ಚಮಚ ಜೋಳದ ಮಾಲ್ಟ್ ಹಿಟ್ಟು ಹಾಕಿ ಬಿಸಿ ಇರುವಾಗಲೇ ಕದಡಿದರೆ ತೆಳ್ಳಗೆ, ಸಿಹಿಯಾಗುತ್ತದೆ. ಆಮೇಲೆ ಒಂದು ಕುದಿ ಬರಿಸಿ ಕುಡಿಯಿರಿ. ಇದಕ್ಕೆ ಯಾವ ಲೈಸೆನ್ಸೂ ಬೇಡ.

ಜೋಳಕ್ಕೆ ಬಾರ್ಲಿಯಂತೆ ಸಿಪ್ಪೆ ಇಲ್ಲದ್ದರಿಂದ ಸೋಸುವಾಗ ಕಟ್ಟಿಕೊಳ್ಳುತ್ತದೆ. ಪರಿಹಾರಕ್ಕೆ ಇಲ್ಲಿ ಭತ್ತದ ಹೊಟ್ಟನ್ನು ಪೌಂಡಿನ ಲೆಕ್ಕದಲ್ಲಿ ಪ್ಯಾಕೆಟ್ ಮಾಡಿ ಮಾರುತ್ತಾರೆ! ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳ ಹಿಂದೆ ಗುಡ್ಡೆ ಬೀಳುವ ಅದೇ ಹೊಟ್ಟು. 5 ಕೆಜಿ ಮಾಲ್ಟಿಗೆ ಕಾಲು ಕೆಜಿ ಸಾಕು, ದೂಳು ಹೋಗುವಂತೆ ತೊಳೆದು ಹಾಕಬೇಕು.

ಬಾಟಲಿ ತುಂಬುವಾಗ ಗ್ಯಾಸು ಹುಟ್ಟಲು ಲೀಟರಿಗೆ 6 ಗ್ರಾಂ ಸಕ್ಕರೆ. ಅದಕ್ಕೆ ಮುಂಚೆ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿರಬೇಕು, ಗುಳ್ಳೆ ನಿಂತಿತು ಅನ್ನುವುದು ಸಾಕ್ಷಿಯಲ್ಲ. ಸೆಕೆಗೆ ಹುದುಗು ಬೇಗ ಆಗುವುದರಿಂದ ಅವಸರ ಮಾಡುವವರೂ ಹೆಚ್ಚು, ಒಡೆಯುವ ಬಾಟಲಿಗಳೂ ಹೆಚ್ಚು. ಗಾಜಿನ ಜೊತೆ ಒಂದು ಸೋಡಾದ ಪ್ಲಾಸ್ಟಿಕ್ ಬಾಟಲಿಯನ್ನೂ ತುಂಬಿಸಿಡಿ. ಹಿಚುಕಿದರೆ ಕಲ್ಲಿನಂತಿದ್ದಾಗ ಉಳಿದವೂ ಸಿದ್ಧವಾಗಿರುತ್ತವೆ, ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ.